ಫೋನ್ ಕೆಳಗಿಟ್ಟ ಒಂದು ತಾಸು

ಜೂನ್ ತಿಂಗಳಿನ ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗಿಯರನ್ನೆಲ್ಲ ಶಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದ್ದೆ. ಹಿಮ್ಮಡಿ, ಸೊಂಟದ ಕೆಳಭಾಗ, ಭುಜ ಗೋಡೆಗೆ ತಾಗಿರಬೇಕು. ಹಾಗೆ ಸಹಜವಾಗಿ ನಿಂತಾಗ ತಲೆಯ ಹಿಂಭಾಗವೂ ತಾನಾಗಿಯೇ ಗೋಡೆಗೆ ತಾಗಬೇಕು. ಮೊದಲ ಸಾಲಿನಲ್ಲಿ ಒಬ್ಬಳದೂ ತಾಗಲಿಲ್ಲ. ತಲೆಗೂ ಗೋಡೆಗೂ ನಡುವೆ ಬೆರಳು ತೂರಿಸಿ ನೋಡುತ್ತ ಹೋದೆ. ಕೆಲವರ ಹಿಂದೆ ಎರಡು ಬೆರಳು ಹಿಡಿಸಿದವು, ಕೆಲವರ ಹಿಂದೆ ಅಂಗೈಯೇ ಹಿಡಿಸಿತು.

"ತಲಿ ಹಿಂದಕ್ಕ ತಂದ್ರ ಮುಗಲು ನೋಡಿದಂಗ ಆಗತೈತ್ರೀ ಟೀಚರ್," ಎಂದಳು ಒಬ್ಬಳು. ಎಲ್ಲರೂ ನಕ್ಕರು.

ನಾನು ಲಕ್ಷ್ಮೇಶ್ವರದ ಆ ಹೆಣ್ಣುಮಕ್ಕಳ ಪ್ರೌಢಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದು ಒಂದು ವಾರವಷ್ಟೇ ಆಗಿತ್ತು. ಗೋಡೆಯ ಪರೀಕ್ಷೆ ಮುಗಿಸಿ, ಮೈದಾನದ ಸುತ್ತ ಒಂದು ಸುತ್ತು ಓಡಿ ಎಂದೆ. ಓಡುತ್ತಿರುವಾಗ ಪಕ್ಕದವಳೊಂದಿಗೆ ಮಾತಾಡಬೇಕು. ಮಾತಾಡಲು ಉಸಿರು ಉಳಿದಿದ್ದರೆ ದೇಹ ಆ ವೇಗವನ್ನು ತಾಳುತ್ತದೆ ಎಂದು ಅರ್ಥ. ಅರ್ಧ ಸುತ್ತಿಗೇ ಮಾತು ನಿಂತಿತು. ಮುಕ್ಕಾಲು ಸುತ್ತಿಗೆ ಅರ್ಧಕ್ಕರ್ಧ ಹುಡುಗಿಯರು ಸೊಂಟಕ್ಕೆ ಕೈಯಿಟ್ಟು ನಡೆಯತೊಡಗಿದರು. ಕೊನೆತನಕ ಓಡಿ ಬಂದವಳು ಹತ್ತಿರದ ಹಳ್ಳಿ ಶಿಗ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ತೆಳ್ಳನೆಯ ಹುಡುಗಿ. ಆಕೆಗೂ ಆ ಓಟ ಸುಲಭವಾಗಿರಲಿಲ್ಲ. ನಿಲ್ಲುವುದು ಮಾತ್ರ ಆಕೆಗೆ ಒಗ್ಗದ ವಿಷಯ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅದೇ ತಿಂಗಳು ಪಾಲಕರ ಸಭೆ ಇತ್ತು. ಮಕ್ಕಳ ಓದಿನ ಬಗ್ಗೆ ಮುಖ್ಯೋಪಾಧ್ಯಾಯಿನಿ ಎರಡು ಮಾತು ಆಡುವಷ್ಟರಲ್ಲಿ ಸಭೆಯೆಲ್ಲ ಫೋನಿನ ಕಡೆಗೆ ಹೊರಳಿತು. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮನೆಗೆ ಬಂದ ಫೋನುಗಳು ಅಲ್ಲೇ ಉಳಿದಿದ್ದವು. ಹೆಚ್ಚಿನ ಹುಡುಗಿಯರಿಗೆ ಸ್ವಂತ ಫೋನ್ ಇರಲಿಲ್ಲ. ಅಣ್ಣ ಬಿಟ್ಟುಕೊಟ್ಟ, ಗಾಜು ಒಡೆದ ಹಳೆಯದು, ಇಲ್ಲವೇ ಅಪ್ಪ ಹೊಲದಿಂದ ಬಂದ ಮೇಲೆ ಅವನದೇ.

"ತಾಟಿನ್ಯಾಗ ಹಾಕಿದ ರೊಟ್ಟಿ ಒಣಗತೈತ್ರೀ ಅಕ್ಕಾರ, ಇಕಿ ಕಣ್ಣು ಫೋನಿನ್ಯಾಗ," ಎಂದಳು ಒಬ್ಬ ತಾಯಿ. "ನಾವು ಹೇಳಿ ಸಾಕಾತು. ಏನರ ನೀವ ಮಾಡ್ರಿ."

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. ಓದಿನವರ ಕೈಲಾಗದ್ದು ಆಟದವಳ ಪಾಲಿಗೆ ಬಂತು.

ನಾನು ಎದ್ದು ನಿಂತು ಒಂದು ಕ್ರಮ ಹೇಳಿದೆ. ಫೋನನ್ನು ಪೂರ್ತಿ ಕಸಿದುಕೊಳ್ಳಬೇಡಿ, ಕಸಿದರೆ ಕದ್ದು ನೋಡುತ್ತಾರೆ. ಶಾಲೆಯಿಂದ ಬಂದ ಮೇಲೆ ಒಂದು ತಾಸು ಫೋನು ಅಡುಗೆಮನೆಯ ಗೂಡಿನಲ್ಲಿರಲಿ. ಆ ಒಂದು ತಾಸು ಮಗಳು ಹೊರಗೆ ಆಡಲಿ, ಓಡಲಿ, ಹಗ್ಗ ಜಿಗಿಯಲಿ. ಆಮೇಲೆ ಬೇಕಾದರೆ ಒಂದು ತಾಸು ಫೋನ್ ನೋಡಲಿ. ಆದರೆ ಮಲಗಿ ನೋಡಬಾರದು, ಕುಳಿತು, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು. ಊಟಕ್ಕೆ ಮೊದಲು ಫೋನು ಮತ್ತೆ ಗೂಡಿಗೆ. ಒಪ್ಪಿಗೆಯಾದವರು ಕೈ ಎತ್ತಿ ಎಂದೆ. ಸಭೆಯಲ್ಲಿದ್ದ ಎಲ್ಲ ಕೈಗಳೂ ಎದ್ದವು. ಶಿಗ್ಲಿಯ ಹುಡುಗಿಯ ತಾಯಿ ಎಲ್ಲರಿಗಿಂತ ಮೊದಲು ಎತ್ತಿದ್ದಳು.

ಮುಂದಿನ ವಾರ ಮೈದಾನದಲ್ಲಿ ವಿಚಾರಿಸಿದೆ. "ಫೋನ್ ಗೂಡಿನೊಳಗ ಇಟ್ರೇನ?"

"ಇಟ್ಟೀವ್ರೀ," ಎಂದು ಒಕ್ಕೊರಲಿನಿಂದ ಉತ್ತರ ಬಂತು.

"ಆಮೇಲೆ ಏನಾಡಿದ್ರಿ?"

ಹಿಂದಿನ ಸಾಲಿನ ಒಬ್ಬಳು, "ಫೋನ್ ಬಿಟ್ಟಕೂಡ್ಲೇ ರೊಟ್ಟಿ ಬಡಿಯಾಕ ಹಚ್ಚಿದ್ರು ರೀ," ಎಂದಳು. ಇನ್ನೊಬ್ಬಳು ತಮ್ಮನನ್ನು ಎತ್ತಿಕೊಂಡು ಕುಳಿತಿದ್ದಳಂತೆ. ಮತ್ತೊಬ್ಬಳಿಗೆ ಶೇಂಗಾ ಸುಲಿಯುವ ಕೆಲಸ. ಒಬ್ಬಳ ಅವ್ವ, ಕೆಲಸವೂ ವ್ಯಾಯಾಮವೇ ಎಂದು ನಿಮ್ಮ ಟೀಚರ್‌ಗೆ ಹೇಳು ಎಂದಿದ್ದಳಂತೆ. ನಾನು ಬಿಡಿಸಿಕೊಟ್ಟ ಒಂದು ತಾಸನ್ನು ಮನೆಗಳು ಎತ್ತಿಕೊಂಡಿದ್ದವು.

ಹಾಗಾದರೆ ಮೊದಲು ಮೈದಾನಕ್ಕೆ ಹೋಗಿ ಬಂದು ಆಮೇಲೆ ಕೆಲಸ ಮಾಡಿ ಎಂದೆ. ಶಿಗ್ಲಿಯ ಹುಡುಗಿ ತಲೆ ಎತ್ತಿದಳು. ಸಿಟ್ಟಿನಿಂದಲ್ಲ, ನನಗೆ ಗೊತ್ತಿಲ್ಲದ ಒಂದು ವಿಷಯ ತಿಳಿಸುವವಳಂತೆ ಹೇಳಿದಳು:

"ಟೀಚರ್, ದೊಡ್ಡಾಕಿ ಆದಾಗಿಂದ ಓಣ್ಯಾಗ ಆಡಬ್ಯಾಡ ಅಂದ್ರು. ಕಟ್ಟಿ ಮ್ಯಾಲ ಕುಂಡ್ರಬ್ಯಾಡ ಅಂದ್ರು. ಗೆಳತಿ ಮನಿಗೆ ಹೋಗಬ್ಯಾಡ ಅಂದ್ರು. ಫೋನ್ ನೋಡಬ್ಯಾಡ ಅಂತ ಮಾತ್ರ ಯಾರೂ ಅಂದಿದ್ದಿಲ್ರೀ. ಅದನ್ನ ಅಂದವ್ರು ನೀವ ಮೊದಲ."

ಉಳಿದ ಹುಡುಗಿಯರು ನನ್ನ ಮುಖ ನೋಡಿದರು. ಸೀಟಿ ಊದಿ, ಸಾಲಾಗಿ ನಿಲ್ಲಿ ಎಂದೆ.

ಆ ರಾತ್ರಿಯಿಡೀ ಅದೇ ಮಾತು ಕಿವಿಯಲ್ಲಿತ್ತು. ಮುಂಡರಗಿ ಕಡೆಯ ಶಾಲೆಯಲ್ಲಿದ್ದಾಗ ಗಂಡುಮಕ್ಕಳಿಗೆ ಇದೇ ಕ್ರಮ ಹೇಳಿದ್ದೆ. ಅವರ ವಿಷಯದಲ್ಲಿ ಫೋನ್ ಬಿಡಿಸುವುದಷ್ಟೇ ಕಷ್ಟ, ಬಿಟ್ಟ ಮೇಲೆ ಊರೆಲ್ಲ ಅವರದು. ಇವರದು ಬೇರೆ. ಇವರಿಗೆ ಫೋನ್ ಕೆಳಗಿಡಲು ಹೇಳುವ ಮೊದಲು ಹೋಗಲು ಒಂದು ಜಾಗ ಕೊಡಬೇಕಿತ್ತು. ಆ ಜಾಗ ಶಾಲೆಯ ಮೈದಾನ ಬಿಟ್ಟರೆ ಬೇರೆ ಇರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ನಿಲ್ಲಿಸಿಕೊಳ್ಳೋಣ ಎಂದರೆ ಹಳ್ಳಿಯ ಹುಡುಗಿಯರಿಗೆ ಬಸ್ಸು ತಪ್ಪುತ್ತಿತ್ತು. ಅದು ಹೋದರೆ ಮುಂದಿನದು ಕತ್ತಲಾದ ಮೇಲೆ. ಟಂಟಂ ಆಟೊದಲ್ಲಿ ಗಂಡಸರ ನಡುವೆ ತೂರಿಕೊಂಡು ಬರುವುದು ಬೇಡವೆಂದು ಮನೆಯವರು ಹೇಳಿದ್ದರು, ಅದಕ್ಕೆ ನಾನೂ ಇಲ್ಲವೆನ್ನಲಾರೆ. ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕೇಳಿದೆ. ಸಂಜೆಯ ಬಸ್ಸನ್ನು ಸ್ವಲ್ಪ ತಡಮಾಡಿ ಬಿಡಬಹುದೇ ಎಂದು. ಅವರು ಕುರ್ಚಿ ಸರಿಸಿ ಕೂರಿಸಿದರು, ಚಹಾ ತರಿಸಿದರು.

"ನನ್ನ ಕೈಯಾಗ ಸೀಟಿ ಐತ್ರೀ ಮೇಡಂ, ಟೈಮ್ ಇಲ್ಲ. ಟೈಮ್ ಗದಗಿನ್ಯಾಗ ಐತಿ," ಎಂದರು.

ಗದಗದ ಸಾರಿಗೆ ಕಚೇರಿಗೂ ಹೋದೆ. ಅಲ್ಲಿಯ ಅಧಿಕಾರಿ ಅರ್ಜಿ ತೆಗೆದುಕೊಂಡು, ಒಂದು ಬಸ್ಸು ಹಿಂದೆ ಸರಿದರೆ ಅದರ ಹಿಂದಿನ ನಾಲ್ಕು ಹಳ್ಳಿಗಳ ಬಸ್ಸುಗಳು ಸರಿಯಬೇಕಾಗುತ್ತದೆ ಎಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬೆರಳಿಟ್ಟು ವಿವರಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಟಗೇರಿಯಲ್ಲಿ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಹಿಂದಿರುಗಿದೆ.

ಉಳಿದದ್ದು ಬೆಳಗಿನ ಹೊತ್ತು. ರಾತ್ರಿ ಹಳ್ಳಿಯಲ್ಲೇ ತಂಗುವ ವಸ್ತಿ ಬಸ್ಸು ನಸುಕಿನಲ್ಲಿ ಊರು ಬಿಡುತ್ತದೆ. ಅದರಲ್ಲಿ ಬಂದರೆ ತರಗತಿಗೆ ಮೊದಲು ಒಂದೂವರೆ ತಾಸು ಸಿಗುತ್ತದೆ. ಮನೆಮನೆಗೆ ಹೋಗಿ ಕೇಳಿದೆ. ಬೆಳಗಿನ ಹೊತ್ತಾದ್ದರಿಂದ, ಶಾಲೆಯ ಕಾಂಪೌಂಡಿನ ಒಳಗಾದ್ದರಿಂದ, ಕಲಿಸುವವಳು ಹೆಂಗಸಾದ್ದರಿಂದ ಮನೆಯವರು ಒಪ್ಪಿದರು. ಶಿಗ್ಲಿಯ ಹುಡುಗಿಯ ತಂದೆ, "ಖೊಖೊ ಅಂದ್ರ ನಾವೂ ಆಡೀವ್ರೀ ಸಾಲ್ಯಾಗ," ಎಂದು ನಕ್ಕ.

ಮೊದಲ ವಾರ ಹುಡುಗಿಯರು ಖಾಲಿ ಹೊಟ್ಟೆಯಲ್ಲಿ ಬಂದರು. ಇಬ್ಬರು ತಲೆ ಸುತ್ತಿ ಕುಳಿತುಬಿಟ್ಟರು. ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ ನಿಲ್ಲಿಸಿಬಿಡಿ ಎಂದರು. ನಿಲ್ಲಿಸಲಿಲ್ಲ, ಬಂದಕೂಡಲೇ ಒಂದೊಂದು ಹಿಡಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ, ನೀರು. ಅದಾಗಿ ಸ್ವಲ್ಪ ಹೊತ್ತು ಬಿಟ್ಟು ಕುತ್ತಿಗೆ ಮತ್ತು ಭುಜದ ವ್ಯಾಯಾಮ. ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯುವುದು, ಗೋಡೆಗೆ ತೋಳು ಹಚ್ಚಿ ಮೇಲೆ ಕೆಳಗೆ ಸರಿಸುವುದು, ಎಡೆಬಿಡದೆ ಫೋನ್ ಒತ್ತಿ ನೋಯುವ ಹೆಬ್ಬೆರಳನ್ನು ಮಡಚಿ ಬಿಡಿಸುವುದು. ಆಮೇಲೆ ಎರಡು ಕಂಬಗಳ ನಡುವೆ ಓಟ: ಹೋಗುವಾಗ ಜೋರಾಗಿ, ಬರುವಾಗ ನಡಿಗೆಯಲ್ಲಿ. ಉಸಿರು ಸರಿಯಾಗುವವರೆಗೆ ಎರಡನೆಯ ಓಟ ಇಲ್ಲ. ಇಷ್ಟನ್ನು ಮೂರು ವಾರ ಮಾಡಿಸಿ ಆಮೇಲೆಯೇ ಖೊಖೊ ಅಂಕಣಕ್ಕೆ ಸುಣ್ಣ ಎಳೆದೆ.

ಖೊಖೊವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದಕ್ಕೆ ಸಾಮಾನು ಬೇಡ, ಎರಡು ಕಂಬ ಸಾಕು. ಎಂಟು ಜನ ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಸಾಲಾಗಿ ಕೂರಬೇಕು, ಬೆನ್ನ ಹಿಂದಿನಿಂದ 'ಖೋ' ಎಂದ ಕ್ಷಣ ಚಿಮ್ಮಿ ಏಳಬೇಕು. ಒಂದು ಕ್ಷಣ ಮನಸ್ಸು ಬೇರೆಡೆ ಹೋದರೆ ಎದುರಾಳಿ ದಾಟಿ ಹೋಗಿರುತ್ತಾಳೆ. ಬೆರಳಿನಿಂದ ಸರಿಸುತ್ತ ಒಂದಾದ ಮೇಲೊಂದು ನೋಡುವುದಕ್ಕೆ ಒಗ್ಗಿದ ಮನಸ್ಸಿಗೆ ಅದೇ ಬೇಕಿತ್ತು ಎಂದುಕೊಂಡಿದ್ದೆ.

ಶಿಗ್ಲಿಯ ಹುಡುಗಿ ಓಟದಲ್ಲಿ ಚುರುಕು. ಆದರೆ ಕಂಬದ ಬಳಿ ಹಾರಿ ಮುಟ್ಟುವಾಗ ದೇಹವನ್ನು ಬೇಗ ಎಸೆದುಬಿಡುತ್ತಿದ್ದಳು, ಮೊಣಕಾಲು ನೆಲಕ್ಕೆ ಬಡಿಯುತ್ತಿತ್ತು. ಕಂಬ ಹಿಡಿದ ಕೈ ಮೊದಲು ಬಿಗಿಯಾಗಬೇಕು, ಸೊಂಟ ತಿರುಗಬೇಕು, ಕೊನೆಗೆ ಇನ್ನೊಂದು ಕೈ ಚಾಚಬೇಕು. ನೂರು ಸಲ ಹೇಳಿದರೂ ಆಕೆಗೆ ಅದು ಹೊಳೆಯಲಿಲ್ಲ. ತಾನು ಮಾಡುವುದು ತನಗೆ ಕಾಣುವುದಿಲ್ಲವಲ್ಲ. ಲಕ್ಷ್ಮೇಶ್ವರದವಳೇ ಆದ ಒಬ್ಬ ಹುಡುಗಿಯ ಬಳಿ ಒಳ್ಳೆಯ ಫೋನ್ ಇತ್ತು. ಮುಖ್ಯೋಪಾಧ್ಯಾಯಿನಿಯ ಅನುಮತಿ ಪಡೆದು, ಅಭ್ಯಾಸದ ಹೊತ್ತಿಗೆ ಅದನ್ನು ತರಿಸಿ, ಹಾರುವುದನ್ನು ನಿಧಾನಗತಿಯ ವಿಡಿಯೊದಲ್ಲಿ ತೆಗೆಸಿದೆ. ಫೋನಿನಿಂದ ಇಂಥದೊಂದು ಕೆಲಸವೂ ಆಗುತ್ತದೆ ಎಂದು ಅವರಿಗೆ ಕಾಣಿಸಬೇಕಿತ್ತು. ಶಿಗ್ಲಿಯ ಹುಡುಗಿ ತನ್ನ ಚಿತ್ರವನ್ನು ಮೂರು ಸಲ ನೋಡಿದಳು.

"ಕೈ ಸಡಲ ಬಿಟ್ಟೀನ್ರೀ," ಎಂದಳು. ಹೋಗಿ ಮತ್ತೆ ಹಾರಿದಳು. ಆ ವಾರದಲ್ಲಿ ಮೊಣಕಾಲು ಬಡಿಯುವುದು ನಿಂತಿತು.

ಶ್ರಾವಣದ ಹೊತ್ತಿಗೆ ಹದಿನಾರು ಹುಡುಗಿಯರು ಬರುತ್ತಿದ್ದರು. ಫೋನಿನ ಬಗ್ಗೆ ನಾನು ಮಾತೆತ್ತುವುದನ್ನೇ ಬಿಟ್ಟಿದ್ದೆ. ನಸುಕಿನಲ್ಲಿ ಏಳಬೇಕಾದವರು ತಾವಾಗಿಯೇ ಬೇಗ ಫೋನ್ ಇಟ್ಟು ಮಲಗುತ್ತಿದ್ದರು. ಶಿಗ್ಲಿಯ ಹುಡುಗಿಯ ತಾಯಿ ಸಂತೆಯಲ್ಲಿ ಸಿಕ್ಕು, "ಈಗ ಉಣ್ಣಾಕ ಕರದ್ರ ಬರತಾಳ್ರೀ," ಎಂದಳು. ಆಕೆಯ ಕೈಯಲ್ಲಿ ಮಗಳಿಗೆಂದು ಕೊಂಡ ಕ್ಯಾನ್ವಾಸ್ ಬೂಟು ಇತ್ತು.

ಶಿರಹಟ್ಟಿಯಲ್ಲಿ ಪಂದ್ಯ ಇತ್ತು. ಮೊದಲ ಆಟ ಗೆದ್ದೆವು, ಎರಡನೆಯದರಲ್ಲಿ ಸೋತೆವು. ಸೋತದ್ದು ನಮಗಿಂತ ನಾಲ್ಕು ವರ್ಷ ಹೆಚ್ಚು ಅಭ್ಯಾಸವಿದ್ದ ತಂಡಕ್ಕೆ, ನನಗೆ ಬೇಸರವಾಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿಯರು ಇಡೀ ದಾರಿ ಯಾರು ಯಾರನ್ನು ಹೇಗೆ ಮುಟ್ಟಿದರು ಎಂದೇ ಜಗಳವಾಡಿದರು. ನಿರ್ವಾಹಕ ಎರಡು ಸಲ ಗದರಿಸಿದ. ಆ ಇಡೀ ಕೆಲಸದಲ್ಲಿ ನನಗೆ ದಕ್ಕಿದ ಖುಷಿಯ ದಿನ ಅದೊಂದೇ.

ಮರುವಾರದ ಸೋಮವಾರ ಶಿಗ್ಲಿಯ ವಸ್ತಿ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಶಿಗ್ಲಿಯಿಂದ ಬರುತ್ತಿದ್ದವರು ಐದು ಮಂದಿ. ತರಗತಿಯ ಹೊತ್ತಿಗೆ ಎಲ್ಲರೂ ಎಂದಿನ ಬಸ್ಸಿಗೆ ಬಂದರು, ಆದರೆ ನನ್ನ ಮುಂದಿನಿಂದ ತಲೆ ತಗ್ಗಿಸಿ ದಾಟಿ ಹೋದರು. ಮಧ್ಯಾಹ್ನ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ, ವಿಡಿಯೊ ತೆಗೆದಿದ್ದ ಆ ಫೋನಿನ ಹುಡುಗಿ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ನಾನ ಹಾಕಿದ್ನಿ ಟೀಚರ್. ಸ್ಟೇಟಸ್‌ಗೆ. ನಮ್ಮ ಟೀಮ್ ಅಂತ ಹಾಕಿದ್ನಿ ಅಷ್ಟ."

ಶಿಗ್ಲಿಯ ಹುಡುಗಿ ಕಂಬ ಹಿಡಿದು ಹಾರುವ ನಿಧಾನಗತಿಯ ಚಿತ್ರ ಅದು. ಯಾರೋ ನೆಂಟರ ಹುಡುಗ ಅದನ್ನು ಇಳಿಸಿಕೊಂಡು, ಹಾಡು ಸೇರಿಸಿ, ರೀಲ್ ಮಾಡಿ ಬಿಟ್ಟಿದ್ದ. ಅಲ್ಲಿಂದ ಅದು ಊರೂರು ಸುತ್ತಿತ್ತು. ಜಡೆ ಹಾರಿ, ಅಂಗಿ ಸೊಂಟದಿಂದ ಒಂದು ಗೇಣು ಮೇಲೆ ಸರಿದ ಗಳಿಗೆಯಲ್ಲಿ ಚಿತ್ರ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಈ ಹುಡುಗಿ ತನ್ನದನ್ನು ಅಳಿಸಿದ್ದಳು. ಉಳಿದವು ಎಲ್ಲೆಲ್ಲಿವೆಯೋ ಯಾರಿಗೂ ಗೊತ್ತಿರಲಿಲ್ಲ.

"ಶಿಗ್ಲಿಯಾಕಿಗೆ ಹೇಳೀಯೇನ?" ಎಂದೆ.

"ಅಕಿಗೆ ಗೊತ್ತೈತ್ರೀ. ನಿನ್ನ ಹೆಸರು ಹೇಳಂಗಿಲ್ಲ ಅಂದ್ಳು."

ನಾನೂ ಹೇಳಲಿಲ್ಲ. ಹೇಳಿದ್ದರೆ ಇನ್ನೊಬ್ಬಳೂ ಮೈದಾನ ಬಿಟ್ಟು ಮನೆ ಸೇರುತ್ತಿದ್ದಳು.

ಸಂಜೆ ಶಿಗ್ಲಿಗೆ ಹೋದೆ. ಹುಡುಗಿಯ ತಂದೆ, ತಾಯಿ, ಅಣ್ಣ ಮೂವರೂ ಮನೆಯಲ್ಲಿದ್ದರು. ನನ್ನನ್ನು ಚಾಪೆ ಹಾಸಿ ಕೂರಿಸಿದರು. ಹುಡುಗಿ ಒಳಗಿನ ಕೋಣೆಯಲ್ಲಿದ್ದಳು. ಅಣ್ಣ ಟ್ರ್ಯಾಕ್ಟರ್ ಓಡಿಸುವವನು, ಇಪ್ಪತ್ತೆರಡರ ಒಳಗಿನ ಪ್ರಾಯ. ಜಗಳಕ್ಕೆ ಸಿದ್ಧವಾಗಿ ಹೋಗಿದ್ದ ನನಗೆ ಅವನ ಮೆತ್ತಗಿನ ದನಿಯೇ ಕಷ್ಟವಾಯಿತು.

"ಟೀಚರ್, ನಿಮ್ಮ ಮ್ಯಾಲ ಸಿಟ್ಟಿಲ್ರೀ. ಅಕಿ ಮ್ಯಾಲೂ ಇಲ್ಲ," ಎಂದ. "ಹೊಂಬಳಕ್ಕ ಬಾಡಿಗಿಗೆ ಹೋಗಿದ್ನಿ. ಅಲ್ಲೆ ಚಾದಂಗಡ್ಯಾಗ ಒಬ್ಬಾಂವ ಫೋನ್ ತೋರಿಸಿದ. ನೋಡಲೇ ಈ ಹುಡುಗಿನ ಅಂದ. ಅಂವಗ ಗೊತ್ತಿದ್ದಿಲ್ಲ ನನ್ನ ತಂಗಿ ಅಂತ. ನಾ ಏನು ಅನಬೇಕ್ರೀ ಅಂವಗ?"

ಪೊಲೀಸರಿಗೆ ದೂರು ಕೊಡಬಹುದು, ಹಾಕಿದವನನ್ನು ಹುಡುಕಬಹುದು, ನಾನೇ ಜೊತೆಗೆ ಬರುತ್ತೇನೆ ಎಂದೆ.

ತಂದೆ ತಲೆ ಅಲ್ಲಾಡಿಸಿದ. "ದೂರು ಕೊಟ್ರ ಎಲ್ಲಾರಿಗೂ ಖಬರ ಆಗತೈತ್ರೀ. ಈಗ ಯಾರ ಮಗಳಂತ ಭಾಳ ಮಂದಿಗೆ ಗೊತ್ತಿಲ್ಲ. ಸಾಲಿ ಬಿಡಸಂಗಿಲ್ಲ, ಅದಕ್ಕ ಅಂಜಬ್ಯಾಡ್ರಿ. ಮೈದಾನಕ್ಕ ಮಾತ್ರ ಬ್ಯಾಡ."

"ಶಾಲೆಯ ಪಿ.ಟಿ. ಪಿರಿಯಡ್‌ಗಾದರೂ..."

"ಬ್ಯಾಡ್ರೀ."

ತಾಯಿ ಚಹಾ ತಂದಿಟ್ಟಳು. ನನ್ನನ್ನು ಸಮಾಧಾನ ಮಾಡುವಂತೆ ಹೇಳಿದಳು: "ಭಾಳ ಅತ್ಲು ರೀ ಅಕಿ. ಅದಕ್ಕ ಅವರಪ್ಪ ಫೋನ್ ಅಕಿ ಕೈಯಾಗ ಕೊಟ್ಟಾನ. ರಿಚಾರ್ಜೂ ಹಾಕಿಸ್ಯಾನ. ಮನ್ಯಾಗ ಕುಂತು ಎಷ್ಟ ಬೇಕಷ್ಟು ನೋಡಲಿ. ಕಣ್ಣ ಮುಂದ ಇದ್ರ ಸಾಕ್ರೀ ನಮಗ."

ಜೂನ್‌ನ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದ ಹೆಂಗಸು ಅವಳೇ. ಅವಳನ್ನು ಬೈಯುವ ಮನಸ್ಸಾಗಲಿಲ್ಲ. ಮಗಳು ಕಳೆದುಕೊಂಡದ್ದಕ್ಕೆ ಬದಲಾಗಿ ಏನಾದರೂ ಕೊಡಬೇಕಿತ್ತು, ಆ ಮನೆಯಲ್ಲಿ ಕೊಡಲು ಇದ್ದದ್ದು ಅದೊಂದೇ. ಏಳುವಾಗ ಒಳಗಿನ ಕೋಣೆಯ ಬಾಗಿಲಲ್ಲಿ ಹುಡುಗಿ ಕಂಡಳು. ಹೋಗಿ ಬರ್ರಿ ಟೀಚರ್ ಎಂದಳು, ಅಷ್ಟೇ.

ಆ ವಾರದೊಳಗೆ ಉಳಿದ ಹಳ್ಳಿಗಳವರೂ ನಿಂತರು. ಹದಿನಾರು ಇದ್ದವರು ಏಳಾದರು, ಎಲ್ಲರೂ ಲಕ್ಷ್ಮೇಶ್ವರದವರೇ. ಕಾಂಪೌಂಡಿಗೆ ಹೊರಗಿನಿಂದ ಕಾಣದಂತೆ ಏನಾದರೂ ಕಟ್ಟಿದರೆ ಬಿಟ್ಟವರು ತಿರುಗಿ ಬಂದಾರು ಎಂದು ನನಗೆ ಅನ್ನಿಸಿತು. ಆ ಏಳು ಜನರಲ್ಲಿ ಒಬ್ಬಳ ತಂದೆ ಬಾಳೆಹಣ್ಣಿನ ವ್ಯಾಪಾರಿ, ಮುಸ್ಲಿಮರು. ತಮ್ಮ ಗೋದಾಮಿನಲ್ಲಿ ಉಳಿದಿದ್ದ ಹಸಿರು ನೆರಳುಬಲೆಯ ಸುರುಳಿಯನ್ನು ಕೈಗಾಡಿಯಲ್ಲಿ ಹೇರಿಕೊಂಡು ತಾವೇ ಬಂದರು. ಒಂದು ಭಾನುವಾರ ಇಡೀ ದಿನ ನಾನು, ಅವರು, ಅವರ ಮಗಳು, ಮುಖ್ಯೋಪಾಧ್ಯಾಯಿನಿ ಬಿದಿರು ನೆಟ್ಟು, ಗೋಡೆಯ ಮೇಲೆ ಆಳೆತ್ತರದ ಬಲೆ ಕಟ್ಟಿದೆವು.

"ನಿಮ್ಮ ಬೀಬಿಯವರು ಏನೂ ಅನ್ನಲಿಲ್ಲೇನ್ರೀ ಮಗಳಿಗೆ?" ಎಂದು ಮುಖ್ಯೋಪಾಧ್ಯಾಯಿನಿ ಅವರನ್ನು ಕೇಳಿದರು.

"ಅಂದ್ಳು ರೀ. ನಾ ಒಂದು ತಿಂಗಳು ನೋಡೂಣು ಅಂದೀನಿ," ಎಂದರು ಅವರು ದಾರ ಬಿಗಿಯುತ್ತ. "ಮುಂದಿನ ತಿಂಗಳಿಂದು ನನಗೂ ಗೊತ್ತಿಲ್ಲ."

ನಮ್ಮ ಸೀಮೆಯ ಗಾಳಿ ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ನಾಲ್ಕನೆಯ ದಿನ ಬಲೆ ಹಾಯಿಯಂತೆ ಉಬ್ಬಿ, ಎರಡು ಬಿದಿರು ಮುರಿದು, ಹರಿದು ರಸ್ತೆಯ ಮೇಲೆ ಬಿತ್ತು. ಒಬ್ಬ ಸೈಕಲ್ ಸವಾರ ಸಿಕ್ಕಿಕೊಂಡು ಬಿದ್ದ, ಪೆಟ್ಟಾಗಲಿಲ್ಲ. ಮತ್ತೆ ಕಟ್ಟಿದೆವು, ಗಾಳಿ ಹಾಯಲೆಂದು ನಡುನಡುವೆ ಸೀಳು ಬಿಟ್ಟು. ಸೀಳು ಬಿಟ್ಟಲ್ಲೆಲ್ಲ ಯಾರೋ ನಿಂತು ಇಣುಕತೊಡಗಿದರು. ಮೊದಲು ಮೈದಾನದ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದವರಿಗೆ ಬಲೆಯೇ ಕುತೂಹಲ ಹುಟ್ಟಿಸಿತ್ತು. ನಾನೇ ಅದನ್ನು ಬಿಚ್ಚಿ ಸುತ್ತಿಟ್ಟೆ.

ಬೆಂಚು ಸರಿಸಿ ಮಹಡಿಯ ತರಗತಿಯೊಳಗೆ ವ್ಯಾಯಾಮ ಮಾಡಿಸಿದೆ. ಹಗ್ಗ ಜಿಗಿದರೆ ಕೆಳಗಿನ ಕೋಣೆಯ ಮೇಲ್ಚಾವಣಿಯಿಂದ ಗಾರೆ ಉದುರುತ್ತದೆ ಎಂದು ದೂರು ಬಂತು. ಅದೂ ನಿಂತಿತು. ಬೆಳಗಿನ ಮೈದಾನಕ್ಕೆ ಲಕ್ಷ್ಮೇಶ್ವರದ ಒಬ್ಬಿಬ್ಬರಷ್ಟೇ ಉಳಿದರು.

ಆಗ ನಾನು, ಮೊದಲು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದ ಒಂದು ನಿರ್ಧಾರಕ್ಕೆ ಬಂದೆ. ಹುಡುಗಿಯರು ಹೊರಗೆ ಬರಲಾರರು, ಫೋನು ಒಳಗೇ ಇದೆ. ಹಾಗಾದರೆ ಫೋನಿನ ಮೂಲಕವೇ ಒಳಗೆ ಹೋಗಬೇಕು. ಮನೆಯವರನ್ನು ಮತ್ತೆ ಕೇಳಿದೆ: ಸಂಜೆ ಸ್ವಲ್ಪ ಹೊತ್ತು ವಿಡಿಯೊ ಕರೆ, ನಾನು ಮಾಡಿ ತೋರಿಸುತ್ತೇನೆ, ಅವರು ಮನೆಯೊಳಗೇ ಮಾಡಲಿ, ನೀವೂ ಅಲ್ಲೇ ಕುಳಿತಿರಿ. ಇದಕ್ಕೆ ಯಾರೂ ಬೇಡವೆನ್ನಲಿಲ್ಲ. ಫೋನಿನೊಳಗೆ ಆಗುವ ಕೆಲಸವಾದ್ದರಿಂದ ಅದು ಅವರಿಗೆ ಪಾಠದಂತೆಯೇ ಕಂಡಿತು.

ನನ್ನ ಬಾಡಿಗೆ ಮನೆಯ ಕಪಾಟಿಗೆ ಫೋನ್ ಒರಗಿಸಿ ಎದುರು ನಿಂತೆ. ಪರದೆಯ ಮೇಲೆ ಚಿಕ್ಕಚಿಕ್ಕ ಚೌಕಗಳು. ಒಂದರಲ್ಲಿ ಬರೀ ಫ್ಯಾನ್ ಕಾಣುತ್ತಿತ್ತು, ಒಂದರಲ್ಲಿ ಮೂಗಷ್ಟೇ. ಜೋಳದ ಚೀಲಕ್ಕೆ ಒರಗಿಸಿ, ನೀರಿನ ಕೊಡದ ಮೇಲಿಡಿ ಎಂದು ಒಬ್ಬೊಬ್ಬರಿಗೂ ಹೇಳಿ ಸರಿಮಾಡಿಸಿದೆ. ನಿಂತಲ್ಲೇ ಓಟ, ಬಸ್ಕಿ, ಗೋಡೆಗೆ ಬೆನ್ನು ಹಚ್ಚಿ ಕೂರುವುದು, ಗದ್ದ ಹಿಂದಕ್ಕೆಳೆಯುವುದು. ಶಿಗ್ಲಿಯ ಹುಡುಗಿಯ ಕೋಣೆಯಲ್ಲಿ ಹಾಸಿಗೆಯ ಸುರುಳಿಗಳ ನಡುವೆ ನಿಲ್ಲುವಷ್ಟೇ ಜಾಗ. ಅವಳು ಮೊಣಕಾಲು ಎದೆಯ ಮಟ್ಟಕ್ಕೆ ಎತ್ತಿ ಓಡುತ್ತಿದ್ದಳು, ಹಿಂದಿನಿಂದ ಅಜ್ಜಿ ಎಲೆ ಅಡಿಕೆಯ ಚೀಲ ಹುಡುಕುತ್ತ ದಾಟಿ ಹೋಗುತ್ತಿದ್ದಳು.

ಮೊದಲ ದಿನಗಳಲ್ಲಿ ಹನ್ನೊಂದು ಚೌಕ ಇದ್ದವು. ಕ್ರಮೇಣ ಒಂದೊಂದೇ ಕಪ್ಪಾದವು. ಹೆಸರು ಇರುತ್ತಿತ್ತು, ಮುಖ ಇರುತ್ತಿರಲಿಲ್ಲ. ಕರೆಯನ್ನು ತೆರೆದಿಟ್ಟು ಅದೇ ಫೋನಿನಲ್ಲಿ ಬೇರೇನೋ ನೋಡುತ್ತಿದ್ದಾರೆ ಎಂದು ನನಗೂ ಗೊತ್ತಾಗುತ್ತಿತ್ತು. ಒಮ್ಮೆ ಒಬ್ಬಳು ಧ್ವನಿ ಮುಚ್ಚಲು ಮರೆತಿದ್ದಳು. ಅವಳ ಕಡೆಯಿಂದ ಜೋರಾಗಿ ಯಾವುದೋ ತಮಾಷೆಯ ನಗು ಕೇಳಿಬಂತು. ಯಾರೂ ನಗಲಿಲ್ಲ. ನಾನು ಬಸ್ಕಿಯ ಎಣಿಕೆ ಮುಂದುವರಿಸಿದೆ.

ದೀಪಾವಳಿ ರಜೆ ಮುಗಿದ ಮೇಲೆ ಕರೆಗೆ ಬಂದವಳು ಶಿಗ್ಲಿಯ ಹುಡುಗಿ ಒಬ್ಬಳೇ. ಅವಳೊಬ್ಬಳಿಗೇ ಮಾಡಿಸಿದೆ. ಹಾಗೇ ಕೆಲವು ಸಂಜೆ ನಡೆಯಿತು. ಒಂದು ದಿನ ಓಟದ ನಡುವೆ ಅವಳು ನಿಂತಳು. ದಣಿದು ನಿಂತದ್ದಲ್ಲ, ಉಸಿರು ಸರಿಯಾಗಿಯೇ ಇತ್ತು.

"ಟೀಚರ್, ನಾಳಿಂದ ನಾ ಬರಂಗಿಲ್ರೀ."

"ಯಾಕ? ಮನ್ಯಾಗ ಏನರ ಅಂದ್ರೇನ?"

"ಇಲ್ರೀ. ಅವರು ಏನೂ ಅಂದಿಲ್ಲ." ಹಣೆಯ ಬೆವರು ಒರೆಸಿಕೊಂಡಳು. "ನಿಂತಲ್ಲೇ ಓಡೂದು ನನಗ ಬ್ಯಾಸರ ಬಂತ್ರೀ. ಎದುರಿಗೆ ಯಾರೂ ಇರಂಗಿಲ್ಲ. ಯಾರ ಹಿಂದ ಓಡ್ಲಿ? ಇದಕ್ಕಿಂತ ಸುಮ್ಮನ ಕುಂಡ್ರೂದು ಹಗರ ಅನಸತೈತಿ."

ಮುಂದಿನ ವರ್ಷ ನೋಡೋಣ, ಅಪ್ಪನ ಜೊತೆ ಇನ್ನೊಮ್ಮೆ ಮಾತಾಡುತ್ತೇನೆ ಎಂದೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ನನ್ನ ಬಗ್ಗೆ ಕನಿಕರವಿತ್ತು.

"ಹಂಗಾರ ಈ ಹೊತ್ತಿನ್ಯಾಗ ಏನು ಮಾಡ್ತಿ?" ಎಂದೆ.

"ಫೋನ್ ನೋಡ್ತೀನ್ರೀ. ಮಹಾರಾಷ್ಟ್ರದಾಕಿ ಒಬ್ಬಾಕಿ ಅದಾಳ್ರೀ, ಖೊಖೊ ಆಡತಾಳ. ಕಂಬದ ಹತ್ರ ಹಾರತಾಳಲ್ಲ, ಭಾಳ ಚಂದ ಹಾರತಾಳ. ಕೈ ಒಟ್ಟ ಸಡಲ ಬಿಡಂಗಿಲ್ಲ. ಅಕಿನ್ನ ನೋಡ್ತೀನಿ."

"ನನಗೂ ಕಳಸು," ಎಂದೆ.

ಕರೆ ಮುಗಿದ ಮೇಲೆ ಕಳಿಸಿದಳು. ನೋಡಿದೆ. ಅವಳು ಹೇಳಿದ್ದು ಖರೆ. ಆ ಹುಡುಗಿ ದೇಹವನ್ನು ಪೂರ್ತಿ ಗಾಳಿಗೆ ಒಪ್ಪಿಸಿ, ಕಂಬ ಹಿಡಿದಿದ್ದ ಒಂದು ಕೈಯನ್ನು ಮಾತ್ರ ಬಿಗಿಯಾಗಿ ಉಳಿಸಿಕೊಂಡು, ಇನ್ನೊಂದು ಕೈಯಿಂದ ಎದುರಾಳಿಯ ಬೆನ್ನು ಮುಟ್ಟಿದಳು. ನಾನು ಅದನ್ನು ಎಷ್ಟು ಸಲ ನೋಡಿದೆನೋ. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ತಲೆ ಎತ್ತಿದಾಗ ಒಲೆಯ ಮೇಲಿಟ್ಟಿದ್ದ ಅನ್ನ ಸೀದಿತ್ತು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಮೈದಾನಕ್ಕೆ ಹೋದೆ. ಬಾಳೆಹಣ್ಣಿನ ವ್ಯಾಪಾರಿಯ ಮಗಳು, ಮತ್ತೆ ಆಕೆಯ ಗೆಳತಿ, ಇಬ್ಬರು ಬಂದಿದ್ದರು. ಚಳಿಗೆ ಕೈ ಉಜ್ಜುತ್ತ ನಿಂತಿದ್ದರು. ಇಬ್ಬರಿಂದ ಖೊಖೊ ಆಗುವುದಿಲ್ಲ. ಒಬ್ಬಳನ್ನು ಮುಂದೆ ಬಿಟ್ಟು, ಇನ್ನೊಬ್ಬಳಿಗೆ ಅವಳನ್ನು ಹಿಡಿ ಎಂದೆ.